ಹದಿನೈದಡಿ ಅಂದ್ರೆ ಹದಿನೈದಡಿ

ಫ್ರೆಂಡ್ಸ್, ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸಾಹೇಬ್ರು ಇವತ್ತು ಬಾಸ್ಕೆಟ್‌ಬಾಲ್ ರೂಲ್ಸನ್ನೇ ತಿದ್ದಿಬಿಟ್ಟಿದ್ರು. ಸಂಜೆ ಹುಡುಗೀರಿಗೆ ಆಟ ಹೇಳ್ಕೊಡೋಕೆ ಕೋರ್ಟಿಗೆ ಇಳಿದ್ರೆ, ಫ್ರೀ ಥ್ರೋ ಗೆರೆ ಮೂರಡಿ ಮುಂದಕ್ಕೆ ಬಂದು ಕೂತಿದೆ. ಹೊಸಾ ಬಿಳಿ ಪೇಂಟು ಬೇರೆ.

"ಹೆಣ್ಮಕ್ಕಳಲ್ವಾ ಮೇಡಂ, ಪಾಪ, ಅಷ್ಟು ದೂರದಿಂದ ಎಸೆಯೋಕಾಗಲ್ಲ. ಹನ್ನೆರಡಡಿ ಸಾಕು ಅಂತ ನಾನೇ ಪೇಂಟರ್‌ಗೆ ಹೇಳಿದೆ" ಅಂದ್ರು ಅಲ್ಲೇ ನಿಂತಿದ್ದ ಸಾಹೇಬ್ರು.

"ಭಾನುವಾರ ಇವರಿಗೆ ಮ್ಯಾಚಿದೆ ಸಾರ್. ಅಲ್ಲಿ ಗೆರೆ ಹದಿನೈದಡಿಗೇ ಇರತ್ತೆ. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ರಿಂಗೂ ಇಬ್ಬರಿಗೂ ಹತ್ತಡಿ ಎತ್ತರ."

"ಬ್ಲೌಸ್ ಹೊಲಿಯೋರಿಗೆ ಇದೆಲ್ಲ ಹೇಗೆ ಗೊತ್ತು?" ಅಂತ ನಕ್ಕರು.

ಕಾಲೇಜ್ ಟೀಮಲ್ಲಿ ಮೂರು ವರ್ಷ ಆಡಿದ್ದೀನಿ ಅಂತ ಹೇಳೋಕೆ ಹೋಗಲಿಲ್ಲ. ಮಷಿನ್ ಬಿಟ್ಟು ಹಾಗೇ ಎದ್ದು ಬಂದಿದ್ದೆ, ಟೇಪು ಕುತ್ತಿಗೆಯಲ್ಲೇ ಇತ್ತು. ಟೈಲರ್ ಟೇಪು ಸರಿಯಾಗಿ ಐದಡಿ. ರಿಂಗಿನ ಹಿಂದಿರೋ ಬೋರ್ಡಿನ ನೇರ ಕೆಳಗೆ ಗುರುತು ಹಾಕಿ, ಅಲ್ಲಿಂದ ಮೂರು ಸಲ ಹಾಸಿ ಅಳೆದೆ. ಮನೆಯಿಂದ ರಂಗೋಲಿ ಡಬ್ಬಿ ತರಿಸಿ, ಅವರ ಕಣ್ಣೆದುರೇ ಗೆರೆ ಎಳೆದೆ.

ಹುಡುಗೀರು ಪೇಂಟಿನ ಗೆರೆ ಬಿಟ್ಟು ಹಿಂದೆ ಬಂದು ನಿಂತ್ರು. ಮೊದಲ ಮೂರು ಬಾಲ್ ರಿಂಗಿಗೂ ತಾಗಲಿಲ್ಲ. ಸಾಹೇಬ್ರ ಮುಖ ಅರಳ್ತು. ನಾಲ್ಕನೇದು ಸೀದಾ ಒಳಗೆ ಬಿತ್ತು.

"ಬೆಳಗ್ಗೆ ಗುಡಿಸೋರು ಬಂದ್ರೆ ನಿಮ್ಮ ಗೆರೆ ಅಳಿಸಿ ಹೋಗತ್ತೆ ಮೇಡಂ" ಅಂದ್ರು.

"ಗುಡಿಸ್ಲಿ ಬಿಡಿ ಸಾರ್. ಗುಡಿಸಿದ ಜಾಗದಲ್ಲಿ ದಿನಾ ಬೆಳಗ್ಗೆ ರಂಗೋಲಿ ಹಾಕಿ ನಮಗೆ ಅಭ್ಯಾಸ ಇದೆ."