ದೇವರ ಮುಂದಿನ ಸ್ವಿಚ್ಚು

ಎರಡು ವರ್ಷದ ಹಿಂದಿನ ಮಾತು. ಹುಣಸೂರಿನ ನಮ್ಮ ಮನೆಯಲ್ಲಿ ಅಡುಗೆ, ಪೂಜೆ ಮುಗಿಸಿ, ಹಿರಿಯ ಹೆಂಗಸರ ಸೋಬಾನೆ ಪದಗಳನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಡುವುದು ನನ್ನ ಕೆಲಸ. ಮದುವೆ ಮನೆಯವರು ಕೇಳಿ ಒಯ್ಯುತ್ತಾರೆ. ದೇವರು ತೋರಿಸಿದ ದಾರಿ.

ಒಂದು ಬೆಳಿಗ್ಗೆ ಹನಗೋಡಿನಿಂದ ಪುಟ್ಟಮ್ಮ ದೊಡ್ಡವ್ವ ಬಂದರು. ಮಾರನೆಯ ದಿನ ಅವರಿಗೆ ಮೈಸೂರಿನಲ್ಲಿ ಗಂಟಲಿನ ಆಪರೇಷನ್. ದನಿ ಮೊದಲಿನಂತೆ ಉಳಿಯುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ಮುಂದಿನ ತಿಂಗಳೇ ಮೊಮ್ಮಗಳ ಮದುವೆ.

"ಧಾರೆ ವೊತ್ಗೆ ನನ್ ದನಿ ಇರ್ಬೇಕು ಕಣವ್ವ. ಈ ಗಂಟ್ಲ ನಂಬಕಾಗಕಿಲ್ಲ, ನಿನ್ ಡಬ್ಬಕ್ ತುಂಬ್ಕೊ" ಎಂದು ನಕ್ಕರು.

ರೆಕಾರ್ಡ್ ಮಾಡಿ ಕೇಳಿದರೆ ಪದದ ಕೆಳಗೆ ಗುಂಯ್ ಎಂಬ ಸದ್ದು. ಫ್ಯಾನ್ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ, ಮೊಬೈಲನ್ನು ಅಡುಗೆಮನೆಯಲ್ಲಿಟ್ಟೆ, ಮೈಕಿನ ಕೇಬಲ್ ಬದಲಿಸಿದೆ. ಗೇನ್, ಅಂದರೆ ಮೈಕಿಗೆ ಬಿದ್ದ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆ, ಅದನ್ನೂ ಇಳಿಸಿದೆ. ಗುಂಯ್ ಜೊತೆಗೆ ದೊಡ್ಡವ್ವನೂ ದೂರ ಹೋದರು. ಬೇಡದ ಸದ್ದು ಅಳಿಸುವ ನಾಯ್ಸ್ ರಿಡಕ್ಷನ್ ಹಾಕಿದರೆ ದನಿ ಕೊಡದೊಳಗಿಂದ ಬಂದಂತಾಯಿತು. ಪ್ರತಿ ಸಲವೂ ಅವರು ನೋಯುವ ಗಂಟಲಲ್ಲೇ ಮೊದಲಿಂದ ಹಾಡಿದರು, ಒಂದು ಬೇಸರದ ಮಾತಿಲ್ಲದೆ. ಅಳು ಬಂದದ್ದು ನನಗೆ.

"ಅದೇನು ನಂಗೂ ಕೇಳ್ಸು" ಎಂದು ಹೆಡ್‌ಫೋನ್ ಹಾಕಿಕೊಂಡರು. ಮತ್ತೆ ರೆಕಾರ್ಡಿಂಗ್ ಒತ್ತಿದೆ, ಮೈಕಿಗೆ ಬೀಳುವ ಸದ್ದು ನೇರ ಅವರ ಕಿವಿಗೆ. ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಆಡಿಸತೊಡಗಿದರು. "ಇದು ಸುಮ್ನೆ ಕೂಗ್ತಿಲ್ಲ ಕಣಮ್ಮಿ, ತಾಳ ಆಕ್ತದೆ. ನಮ್ಮೂರ ಎಂಗಸ್ರಿಗಿಂತ ವಾಸಿ!"

ಆ ಬೆರಳನ್ನೇ ನೋಡುತ್ತಿದ್ದವಳು ತಲೆಯೆತ್ತಿದೆ. ಪಕ್ಕದ ಗೂಡಿನಲ್ಲಿ, ದೇವರ ಪಟದ ಸುತ್ತ ಆ ವಾರವಷ್ಟೇ ಹೊಸದಾಗಿ ಹಾಕಿದ್ದ ಸೀರಿಯಲ್ ಸೆಟ್ ಅದೇ ತಾಳಕ್ಕೆ ಹತ್ತಿ ಆರುತ್ತಿತ್ತು. ಅದರ ಪ್ಲಗ್ಗೂ ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬಾಕ್ಸಿಗೇ. ಮನೆಯ ಕರೆಂಟ್ ಸಾಮಾನೆಲ್ಲ ಆರಿಸಿದ್ದೆ. ದೇವರ ದೀಪವೂ ಕರೆಂಟ್ ಸಾಮಾನೆಂದು ಹೊಳೆದೇ ಇರಲಿಲ್ಲ. ದೇವರ ಮುಂದಿನ ದೀಪವನ್ನು ಎಂದೂ ಆರಿಸಿದವಳಲ್ಲ. ಕೈ ಸ್ವಿಚ್ಚಿನವರೆಗೆ ಹೋಗಿ ನಿಂತಿತು.

"ನಾಳೆ ನಿಮ್ಗೆ ಆಪ್ರೇಸನ್ನು. ಇವತ್ತು ಎಂಗೆ ದೀಪ ಆರ್ಸ್ಲಿ ದೊಡ್ಡವ್ವ?"

"ಅಯ್ಯೋ ಬುಡು, ಎಣ್ಣೆ ದೀಪ ಅಚ್ಚಿ ಆಮೇಲ್ ಆರ್ಸು. ಕರೆಂಟ್ ಓದಾಗೆಲ್ಲ ದ್ಯಾವ್ರೇನು ಎದ್ದೋಯ್ತಾನಾ?"

ರೆಕಾರ್ಡಿಂಗ್ ನಿಲ್ಲಿಸದೆಯೇ ಕಡ್ಡಿ ಗೀರಿ ದೀಪ ಹಚ್ಚಿದೆ. ಸ್ವಿಚ್ ಆರಿಸಿದೆ. ಗುಂಯ್ ನಿಂತಿತು. ದೊಡ್ಡವ್ವ ಧಾರೆಯ ಪದವನ್ನು ಎಲ್ಲೂ ತಡೆಯದೆ ಹಾಡಿ ಮುಗಿಸಿದರು.

ಆಪರೇಷನ್ ಸುಸೂತ್ರವಾಯಿತು, ಆ ದೇವರು ದೊಡ್ಡವನು. ದನಿ ಮಾತ್ರ ಗೊಗ್ಗರಾಯಿತು. ಮದುವೆಯ ದಿನ ಸ್ಪೀಕರಿನಲ್ಲಿ ಮೊದಲು ಕಡ್ಡಿ ಗೀರಿದ ಸದ್ದು ಬಂತು; ಅದನ್ನು ಕತ್ತರಿಸಲು ಮನಸ್ಸಾಗಿರಲಿಲ್ಲ. ಆಮೇಲೆ ಪದ. ದೊಡ್ಡವ್ವ ಧಾರೆ ಎರೆಯುತ್ತಾ, ತಮ್ಮ ದನಿಗೆ ತಾವೇ ತುಟಿ ಆಡಿಸುತ್ತಿದ್ದರು.

ಬೇಡದ ಸದ್ದು ಹುಡುಕುವಾಗ ಈಗ ನಾನು, ಆರಿಸಲು ಮನಸ್ಸು ಬಾರದ ಸ್ವಿಚ್ಚಿನಿಂದಲೇ ಶುರು ಮಾಡುತ್ತೇನೆ. ಮೈಕಿನ ಪಕ್ಕದಲ್ಲಿ ಒಂದು ಕಡ್ಡಿಪೆಟ್ಟಿಗೆ ಸದಾ ಇರುತ್ತದೆ.