ಸುಮತಿ ಮೇಡಂ ತಂದ ಗದ್ದಲ

ಸುಮತಿ ಮೇಡಂಗೆ ಮೆತ್ತಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಮೈಕ್ ಕೊಟ್ಟರೆ ಪಕ್ಕಕ್ಕಿಟ್ಟು, ಕೊನೆಯ ಸಾಲಿನವರ ನಿದ್ದೆ ಹಾರುವ ಹಾಗೆ ಶುರುಮಾಡುತ್ತಿದ್ದರು. ವಿಶ್ವವಿದ್ಯಾಲಯದಿಂದ ನಮ್ಮಂಥ ಪ್ರಾಥಮಿಕ ಶಾಲೆಯ ಶಿಕ್ಷಕಿಯರಿಗೆ ‘ಡಿಸೈನ್ ಥಿಂಕಿಂಗ್’ ಕಲಿಸಲು ಬಂದಿದ್ದರು. ನಮಗೋ, ತರಬೇತಿ ಎಂದರೆ ಊಟ, ಸರ್ಟಿಫಿಕೇಟ್, ಗ್ರೂಪ್ ಫೋಟೋ. ಅವರು ಮೊದಲ ದಿನವೇ ಹೇಳಿಬಿಟ್ಟರು: “ಪಾಠ ಹೇಗೆ ಮಾಡ್ಬೇಕು ಅಂತ ನಾನು ಹೇಳುವುದಿಲ್ಲ. ಮಗುವಿಗೆ ಎಲ್ಲಿ ಕಷ್ಟ ಆಗ್ತದೆ ನೋಡಿ, ಎಂತಾದ್ರೂ ಮಾಡಿ. ಆಗ್ಲಿಲ್ವಾ, ಮುರಿದು ಹಾಕಿ, ಮತ್ತೆ ಮಾಡಿ.”

ಕಾಟಿಪಳ್ಳದ ನನ್ನ ಒಂದನೇ ತರಗತಿಯ ಕಷ್ಟ ಮೌನ. ಮನೆಯಲ್ಲಿ ತುಳು, ಬ್ಯಾರಿ ಮಾತಾಡುವ ಮಕ್ಕಳು. ನಾನು ಕನ್ನಡದಲ್ಲಿ ಏನು ಕೇಳಿದರೂ ನೆಲ ನೋಡುತ್ತಿದ್ದರು. ಮೇಡಂ ಶಾಲೆಗೇ ಬಂದು ಒಂದಿಡೀ ದಿನ ಅವರ ಜೊತೆ ಚಾಪೆಯಲ್ಲಿ ಕೂತರು. ಆಮೇಲೆ ನಾವಿಬ್ಬರೂ ಸೇರಿ ತರಗತಿಯಲ್ಲೊಂದು ತರಕಾರಿ ಅಂಗಡಿ ಹೂಡಿದೆವು. ಯಾರೂ ಹತ್ತಿರ ಸುಳಿಯಲಿಲ್ಲ. ಮೇಡಂ ನಗುತ್ತಲೇ ಅದನ್ನು ಕಿತ್ತುಹಾಕಿ, ರಟ್ಟಿನಲ್ಲಿ ಬಂಗುಡೆ, ಬೂತಾಯಿ ಮೀನುಗಳನ್ನು ಕತ್ತರಿಸಿ, ಬುಟ್ಟಿಗೆ ತುಂಬಿ ಹರಾಜು ಕೂಗಿದರು. ಮಕ್ಕಳು ಮುಗಿಬಿದ್ದರು! ತುಳುವಿನಲ್ಲಿ, ಬ್ಯಾರಿಯಲ್ಲಿ ಚೌಕಾಸಿ. ಕೆಲವು ವಾರ ಕಳೆಯುವಾಗ ನಡುನಡುವೆ ಕನ್ನಡ. ಅದುವರೆಗೆ ಬಾಯಿಯೇ ತೆರೆಯದಿದ್ದ ರಮೀಝಾ “ಟೀಚರ್, ಇದು ಹಾಳಾದ ಮೀನು” ಎಂದು ನನ್ನನ್ನೇ ಗದರಿದಳು. ನನಗೆ ಕಣ್ಣು ತುಂಬಿ ಬಂತು.

ಗದ್ದಲ ಕೇಳಿ ಹೆಡ್‌ಮಾಸ್ಟರು ಓಡಿ ಬಂದರು. “ಎಂತ ಮೇಡಂ ಇದು, ಶಾಲೆಯಾ, ಮೀನು ಮಾರ್ಕೆಟಾ?”

“ಮೀನು ಮಾರ್ಕೆಟೇ ಸಾರ್,” ಎಂದರು ಮೇಡಂ, ಬುಟ್ಟಿ ಕೆಳಗಿಡದೆ. “ನನ್ನ ಅಮ್ಮ ಅಲ್ಲಿ ಕೂಗಿಯೇ ನನ್ನನ್ನು ಓದಿಸಿದ್ದು. ಅದರಲ್ಲಿ ನಾಚಿಕೆ ಎಂತದು?”

ಹೆಡ್‌ಮಾಸ್ಟರು ಬಾಗಿಲೆಳೆದುಕೊಂಡು ಹೋದರು. ವಿಶ್ವವಿದ್ಯಾಲಯದಲ್ಲೂ ಇದು ಹಿಡಿಸಲಿಲ್ಲ. ಒಂದು ಶಾಲೆಗೆ ಒಂದೇ ದಿನ ಸಾಕು, ಮುಗಿಸಿ ವರದಿ ಕೊಡಿ ಎಂದರಂತೆ. ಮೇಡಂ ಆಗುವುದಿಲ್ಲ ಎಂದರು. ಕೆಲಸ ಬೇರೆಯವರ ಪಾಲಾಯಿತು, ಇವರನ್ನು ಪರೀಕ್ಷಾ ವಿಭಾಗಕ್ಕೆ ದೂಡಿದರು. ಕೊನೆಯ ಸಲ ನನಗೆ ಸಿಕ್ಕಿದ್ದು ಅತ್ತಾವರದ ಬಸ್‌ಸ್ಟಾಪಿನಲ್ಲಿ.

“ಇನ್ನು ನಾವು ಎಂತ ಮಾಡುವುದು ಮೇಡಂ?”

“ನನ್ನನ್ನು ಎಂತಕ್ಕೆ ಕೇಳುವುದು ಮಾರಾಯ್ರೆ? ಕ್ಲಾಸು ನಿಮ್ಮದು. ಬಿಟ್ಟುಕೊಡ್ಬೇಡಿ, ಆಯ್ತಾ?” ಇಡೀ ಬಸ್‌ಸ್ಟಾಪು ತಿರುಗಿ ನೋಡಿತು.

ಮೊನ್ನೆ ವಿಶ್ವವಿದ್ಯಾಲಯದ ಹೊಸ ತಂಡ ಬಂತು. ವಿಡಿಯೋ ತೆಗೆಯಬೇಕು, ಈ ಬುಟ್ಟಿ, ರಟ್ಟು ಎಲ್ಲ ತೆಗೆದುಹಾಕಿ ಮಕ್ಕಳನ್ನು ಸಾಲಾಗಿ ಕೈಕಟ್ಟಿ ಕೂರಿಸಿ ಎಂದರು. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಮೇಡಂ ಪಕ್ಕದಲ್ಲಿಲ್ಲ, ಹೆದರಿಕೆ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಬಾಗಿಲಿಗೆ ಅಡ್ಡ ನಿಂತು ತಂಡದವರಿಗೆ ಹೇಳಿದೆ:

“ಈಗ ಹರಾಜು ನಡೀತಾ ಉಂಟು ಸಾರ್. ವಿಡಿಯೋ ಬೇಕಾದ್ರೆ ಮಕ್ಕಳ ಜೊತೆ ಕೆಳಗೆ ಕೂತು ತೆಗೀರಿ.”