ಕರ್ಪೂರದ ಡಬ್ಬಿಯಲ್ಲಿದ್ದ ಲಿನಕ್ಸ್

ಇವತ್ತು ಬೆಳಗ್ಗೆ ಚೀಟಿ ಬರೆಯಬೇಕೆಂದು ದೇವರ ಕೋಣೆಗೆ ಹೋಗಿ ಕರ್ಪೂರದ ಡಬ್ಬಿ ತೆರೆದೆ. ಚೀಟಿಗೆ ಬೇಕಾದ ಕಾಗದದ ತುಂಡುಗಳನ್ನು ನಾನು ಇಡುವುದು ಅದರಲ್ಲೇ. ಅವುಗಳ ನಡುವೆ ನಾಲ್ಕಾಗಿ ಮಡಚಿದ ಹಳೆಯ ಚೀಟಿಯೊಂದು ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ನನ್ನದೇ ಅಕ್ಷರ: ‘ಆರ್ಚ್’. ಎರಡು ವರ್ಷದಲ್ಲಿ ಕರ್ಪೂರದ ವಾಸನೆ ಹಿಡಿದು ಅದು ಪ್ರಸಾದದ ಹಾಗೇ ಆಗಿಬಿಟ್ಟಿತ್ತು. ಮಣೆ ಎಳೆದುಕೊಂಡು ಅಲ್ಲೇ ಕುಳಿತು ಸ್ವಲ್ಪ ಹೊತ್ತು ನಕ್ಕೆ.

ಚೀಟಿ ಹಾಕುವ ಕ್ರಮ ನಿಮ್ಮಲ್ಲೂ ಇರಬಹುದು. ಎರಡು ದಾರಿ ಕಂಡು ಯಾವುದೆಂದು ತೋಚದಿದ್ದರೆ ಎರಡನ್ನೂ ಬರೆದು, ಮಡಚಿ, ದೀಪದ ಎದುರು ಇಟ್ಟು, ಕೈಮುಗಿದು ಒಂದನ್ನು ಎತ್ತುವುದು. ಬಂದದ್ದು ದೇವರ ಮಾತು. ಬಾವಿ ತೋಡುವ ಜಾಗಕ್ಕೆ ಹಾಕಿದ್ದೇನೆ, ಮಗಳು ಯಾವ ಕಾಲೇಜಿಗೆ ಹೋಗಬೇಕೆಂಬುದಕ್ಕೆ ಹಾಕಿದ್ದೇನೆ, ಒಮ್ಮೆ ಕರುವಿನ ಹೆಸರಿಗೂ ಹಾಕಿದ್ದೇನೆ. ನಮ್ಮವರು ನಾಯ್ಮಾರ್ಮೂಲೆಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವವರು. ಸುಟ್ಟ ತಂತಿ ಕಂಡರೆ ಮಾತ್ರ ನಂಬುವ ಜಾತಿ. “ನಿನ್ನ ದೇವರಿಗೆ ವಾರಕ್ಕೊಂದು ರಜೆ ಕೊಡು ಮಾರಾಯ್ತಿ” ಎನ್ನುತ್ತಾರೆ. ನಾನು ಕೇಳದವಳ ಹಾಗೆ ಚಾ ಕೊಟ್ಟು ಬರುತ್ತೇನೆ.

ಇವತ್ತಿನ ವಿಷಯ ಇಷ್ಟೇ. ನಮ್ಮ ಭಜನಾ ಮಂದಿರದ ಹೆಂಗಸರು, ಶನಿವಾರ ಮಧ್ಯಾಹ್ನ ಬಂದು ಕಂಪ್ಯೂಟರ್ ಕಲಿಸಬೇಕೆಂದು ನನ್ನನ್ನು ಕೇಳಿದ್ದಾರೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು. ‘ಆಗಬಹುದು’, ‘ಬೇಡ’ ಎಂದು ಎರಡು ಚೀಟಿ ಬರೆಯಲು ಹೋದಾಗಲೇ ಈ ಆರ್ಚ್ ಸಿಕ್ಕಿದ್ದು. ಅದರ ಕತೆ ಹೇಳಬೇಕಾದರೆ ದೇವಕಿಯಕ್ಕನಿಂದ ಸುರು ಮಾಡಬೇಕು.

ದೇವಕಿಯಕ್ಕ ಮಂದಿರದಲ್ಲಿ ನಮಗೆಲ್ಲ ಹಾಡು ಹೇಳಿಕೊಡುವವರು. ಎಪ್ಪತ್ತು ದಾಟಿದೆ. ಶುಕ್ರವಾರ ಸಂಜೆ ಅವರು ಮುಂದಿನ ಸಾಲಿನಲ್ಲಿ ಕುಳಿತು ಒಂದೊಂದೇ ಸಾಲು ಹೇಳಬೇಕು, ನಾವು ಹದಿನಾಲ್ಕು ಮಂದಿ ಅದನ್ನೇ ತಿರುಗಿ ಹೇಳಬೇಕು. ಕಣ್ಣಿನ ಆಪರೇಷನ್ ಆದ ಮೇಲೂ ಭಜನೆ ಪುಸ್ತಕದ ಅಕ್ಷರ ಅವರಿಗೆ ಇರುವೆ ಹರಿದ ಹಾಗೆ ಕಾಣುತ್ತಿತ್ತಂತೆ. ಒಂದು ಶುಕ್ರವಾರ ಹಾಡಿನ ನಡುವೆ ಅವರಿಗೆ ಸಾಲು ತಪ್ಪಿತು. ಪುಸ್ತಕ ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಮುಚ್ಚಿದರು. ನಾವು ಹದಿನಾಲ್ಕು ಮಂದಿ ಬಾಯಿ ತೆರೆದು ಕಾಯುತ್ತಿದ್ದೆವು. ಮುಂದಿನ ವಾರದಿಂದ ಅವರು ಹಿಂದಿನ ಗೋಡೆಗೆ ಒರಗಿ ಕುಳಿತು ಬರೀ ತಾಳ ಹಾಕತೊಡಗಿದರು. “ನನಗೆ ಸಾಕು ಮಗಾ, ಇನ್ನು ನೀವು ಹೇಳಿ” ಎಂದರು. ನಾವು ಹೇಳಿದೆವು. ಆದರೆ ಅದು ಉಪ್ಪು ಹಾಕದ ಗಂಜಿಯ ಹಾಗಿತ್ತು.

ದೊಡ್ಡ ಅಕ್ಷರದಲ್ಲಿ, ಪುಟಕ್ಕೆ ನಾಲ್ಕೇ ಸಾಲು ಬರುವ ಹಾಗೆ, ಅವರಿಗೊಂದು ಪುಸ್ತಕ ಮಾಡಿಕೊಡಬೇಕು, ನವರಾತ್ರಿಗೆ ಅವರನ್ನು ಮುಂದೆ ಕೂರಿಸಬೇಕು ಎಂದು ನನ್ನ ಮನಸ್ಸಿಗೆ ಬಂತು, ಅವರಿಗೆ ಹೇಳಿಯೂ ಬಿಟ್ಟೆ. ಗಲ್ಫಿನಲ್ಲಿರುವ ತಮ್ಮ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ನನಗೆ ಕೊಟ್ಟು ಹೋಗಿದ್ದ. ಮಗಳು ಹಾಸ್ಟೆಲಿಗೆ ಹೋಗುವ ಮೊದಲು ಕನ್ನಡ ಟೈಪ್ ಮಾಡುವುದನ್ನು ತೋರಿಸಿಕೊಟ್ಟಿದ್ದಳು. ಅರುವತ್ತು ಹಾಡಿನಲ್ಲಿ ಇಪ್ಪತ್ತೆರಡು ಮುಗಿಯುವಷ್ಟರಲ್ಲಿ ಅದು ಹಟ ಹಿಡಿಯಿತು. ಸ್ವಿಚ್ ಒತ್ತಿ ಇಟ್ಟು, ಕುಚ್ಚಲಕ್ಕಿ ಬೇಯಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಕಾಸರಗೋಡಿನ ಅಂಗಡಿಯವರು, “ಇದರ ಕಾಲ ಮುಗಿಯಿತು, ಹೊಸತು ತೆಗೊಳ್ಳಿ” ಎಂದರು. ಹೊಸತು ನಮ್ಮ ಕೈಗೆ ಎಟುಕುವುದಲ್ಲ. ಅದನ್ನು ಚೀಲದಲ್ಲಿ ಹಾಕಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಆಯಿಶಾ ಟೀಚರ್ ಸಿಕ್ಕಿದ್ದು ದೇವರ ಮೊದಲ ದಯೆ.

ಟೀಚರ್ ನಮ್ಮ ಮನೆಯಿಂದ ಎರಡು ತಿರುವು ಆಚೆ ಇರುವವರು. ಕನ್ನಡ ಮೀಡಿಯಂ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. “ಲಿನಕ್ಸ್ ಹಾಕಿ ನೋಡಿ. ನಮ್ಮ ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದನ್ನೇ ಅಲ್ವಾ. ನನಗೆ ಐವತ್ತು ವರ್ಷ ಹತ್ತಿರ ಬಂದಾಗ ಟ್ರೈನಿಂಗ್ ಕೊಟ್ಟರು. ಕೊಟ್ಟವರು ಪೂರಾ ಮಲಯಾಳದಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರಕೊಂಡೆ” ಎಂದರು. ಕಂಪ್ಯೂಟರನ್ನು ನಡೆಸುವುದಕ್ಕೆ ವಿಂಡೋಸ್ ಇರುವ ಹಾಗೆ ಇದೂ ಒಂದು. ಬೇರೆ ಬೇರೆ ಊರಿನವರು ಕೂಡಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹಳೆಯ ಯಂತ್ರದಲ್ಲೂ ಓಡುತ್ತದೆ. ಅದರಲ್ಲಿ ಬಗೆ ಬಹಳ, ಒಂದೊಂದು ಬಗೆಗೂ ಡಿಸ್ಟ್ರೋ ಎನ್ನುತ್ತಾರೆ. ಇಷ್ಟು ಹೇಳಿ ನನ್ನ ಮುಖ ನೋಡಿದರು. “ಅಕ್ಕಿ ಒಂದೇ. ನೀವು ನೀರುದೋಸೆ ಮಾಡ್ತೀರಿ, ನಾವು ಪತ್ತಿರಿ ಮಾಡ್ತೇವೆ. ಹಾಗೆ ಇದು.” ಅಲ್ಲಿಗೆ ನನಗೆ ಪೂರ್ತಿ ಅರ್ಥವಾಯಿತು. ಹೊಸಬರಿಗೆ ಆಗುವಂಥವೆಂದು ಮಿಂಟ್, ಉಬುಂಟು, ಲುಬುಂಟು ಎಂಬ ಮೂರು ಹೆಸರು ಹೇಳಿದರು. ಮನೆಗೆ ಬಂದು ನನ್ನ ಇಪ್ಪತ್ತೆರಡು ಹಾಡುಗಳನ್ನು ತಮ್ಮ ಪೆನ್‌ಡ್ರೈವಿಗೆ ಹಾಕಿ ಪರ್ಸಿನ ಒಳಜೇಬಿನಲ್ಲಿಟ್ಟುಕೊಂಡರು. ಅದು ಎರಡನೇ ದಯೆ.

ಮೂರರಲ್ಲಿ ಒಂದು ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು. ನಾನು ಫೋನಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಫೆಡೋರಾ ಎಂದ. ಇನ್ನೊಬ್ಬ, ಆರ್ಚ್ ಕಲಿತವನು ಎಲ್ಲವನ್ನೂ ಕಲಿತ ಹಾಗೆ ಎಂದ. ನೋಡಿದಷ್ಟೂ ತಲೆ ಕೆಟ್ಟಿತು. ಕೊನೆಗೆ ನನಗೆ ತಿಳಿದ ಉಪಾಯವನ್ನೇ ಮಾಡಿದೆ: ಸ್ನಾನ ಮಾಡಿ, ದೀಪ ಹಚ್ಚಿ, ಐದು ಹೆಸರಿನ ಐದು ಚೀಟಿ ಬರೆದು, ಎತ್ತಲು ಅತ್ತೆಯನ್ನು ಕರೆದೆ.

“ಎಂತಕ್ಕೆ ಚೀಟಿ?” ಎಂದು ಅತ್ತೆ ಕೇಳಿದರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡ ಮಾಡಿದ್ದೇನೆ.

“ಲ್ಯಾಪ್‌ಟಾಪಿಗೆ, ಅತ್ತೆ.”

“ಅದಕ್ಕೂ ಜಾತಕ ಉಂಟಾ?” ಎನ್ನುತ್ತಲೇ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಟ್ಟರು. ಆರ್ಚ್.

ಇನ್ನೊಂದು ಪೆನ್‌ಡ್ರೈವಿನಲ್ಲಿ ಆರ್ಚ್ ಹಾಕಿಕೊಡಿ ಎಂದಾಗ ಆಯಿಶಾ ಟೀಚರ್ ಕನ್ನಡಕದ ಮೇಲಿನಿಂದ ನೋಡಿದರು. “ಇದನ್ನು ನಾನು ಹೇಳಲಿಲ್ಲವಲ್ಲ. ಯಾರು ಹೇಳಿದ್ದು?”

“ದೇವರು.”

ಟೀಚರ್ ಕನ್ನಡಕ ಸರಿ ಮಾಡಿಕೊಂಡರು. “ನಿಮ್ಮ ದೇವರ ಮಾತಿಗೆ ನಾನು ಎದುರು ಹೇಳುವುದಿಲ್ಲ. ಒಂದೇ ಒಂದು: ಡಿಸ್ಕ್ ಎಂಬ ಶಬ್ದ ಬಂದ ಕಡೆ ನಿಲ್ಲಿಸಿ ನನ್ನನ್ನು ಕರೀರಿ, ಅಲ್ಲಿ ತಪ್ಪಿದರೆ ಒಳಗೆ ಇದ್ದದ್ದೆಲ್ಲ ಅಳಿಸಿಹೋಗ್ತದೆ” ಎಂದರು. ಹಾಕಿಯೂ ಕೊಟ್ಟರು.

ಆರ್ಚನ್ನು ಬಲ್ಲವರು ಈಗಾಗಲೇ ನಗುತ್ತಿರಬಹುದು. ತಿಳಿಯದವರಿಗೆ ಹೇಳುತ್ತೇನೆ. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಎಂತ ಬೇಕೆಂದು ನಾವೇ ಬರೆದು ಹೇಳಬೇಕು. ಅಡುಗೆ ಮನೆಗೆ ಹೋದರೆ ಒಲೆಯನ್ನೂ ನಾವೇ ಕಟ್ಟಿಕೊಳ್ಳಬೇಕು ಎಂಬ ಹಾಗೆ. ನಾನು ದಿನಾ ಊಟದ ಪಾತ್ರೆ ತೊಳೆದಿಟ್ಟು, ಫೋನಿನಲ್ಲಿ ಕಂಡದ್ದನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡು, ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಒಂದು ಚುಕ್ಕೆ ಬಿಟ್ಟರೆ ಅದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿತ್ತು. ನಾನು ಮುಚ್ಚಿಡುತ್ತಿದ್ದೆ.

ಒಂದು ವಾರ ಇದನ್ನು ನೋಡಿದ ಅತ್ತೆ ಕೇಳಿದರು, “ಅದು ಎಂತ ಹೇಳ್ತಾ ಉಂಟು?”

“ಬೈತಾ ಉಂಟು.”

“ನೀನು ಓದಿದೆಯಾ?”

“ಇಲ್ಲ.”

“ಓದದೆ ಬೈದದ್ದು ಅಂತ ಹೇಗೆ ಗೊತ್ತಾಯ್ತು?”

ಅತ್ತೆಗೆ ಇಂಗ್ಲಿಷಿನ ಒಂದು ಅಕ್ಷರ ಬಾರದು. ಆದರೆ ನಲುವತ್ತು ವರ್ಷ ನಮ್ಮ ಮಾವನವರ ಜೊತೆ ಬಾಳಿದವರು. ಬೈಗುಳ ಯಾವುದು, ಮಾತು ಯಾವುದು ಎಂದು ತಿಳಿದವರು. ಮರುದಿನ ನಾನು ಕುಳಿತು ಓದಿದೆ. ಅದು ಬೈದಿರಲಿಲ್ಲ. ‘ನೀವು ಹೇಳಿದ ಹೆಸರು ಇಲ್ಲಿ ಇಲ್ಲ’ ಎಂದಷ್ಟೇ ಹೇಳಿತ್ತು. ಹೆಸರು ಸರಿ ಮಾಡಿದೆ, ಕೇಳಿತು. ಹತ್ತನೇ ದಿನ ವೈಫೈ ಸಿಕ್ಕಿದಾಗ ಮನೆಯಲ್ಲಿ ಹೆಸರುಬೇಳೆ ಪಾಯಸ ಮಾಡಿದೆ. ಯಾಕೆಂದು ನಮ್ಮವರು ಕೇಳಲಿಲ್ಲ, ಎರಡು ಲೋಟ ಕುಡಿದರು.

ಆದರೆ ಅದರಾಚೆ ಡಿಸ್ಕ್ ಎಂಬ ಶಬ್ದ ಬಂತು, ನನಗೆ ಮುಂದೆ ಹೋಗುವ ಧೈರ್ಯವಿರಲಿಲ್ಲ. ಟೀಚರನ್ನು ಕರೆದರೆ ಸೋತ ಹಾಗೆ. ಬಿಟ್ಟರೆ ದೇವರ ಮಾತು ಮೀರಿದ ಹಾಗೆ. ಮೂರು ವಾರ ಹೀಗೆ ಕಳೆಯಿತು. ನವರಾತ್ರಿಗೆ ಒಂದೇ ತಿಂಗಳು ಉಳಿದಿತ್ತು. ಒಂದು ಹಾಡೂ ಮುಂದೆ ಹೋಗಿರಲಿಲ್ಲ. ದೇವಕಿಯಕ್ಕ ಗೋಡೆಗೆ ಒರಗಿಯೇ ಇದ್ದರು.

ಆ ಶುಕ್ರವಾರ ಮಂಗಳಾರತಿ ಆದ ಮೇಲೆ ಅವರೇ ಕೇಳಿದರು. “ಎಂತ ಮಗಾ, ಪುಸ್ತಕ ಮಾಡ್ತೇನೆ ಅಂತ ಹೇಳಿದ್ದಿಯಲ್ಲ. ಆಗದಿದ್ದರೆ ಬಿಡು, ನಾನು ಬೇಜಾರು ಮಾಡುವುದಿಲ್ಲ.”

ಆ ಕಡೆಯ ಮಾತು ನನ್ನನ್ನು ತಿಂದಿತು. ಚೀಟಿಯಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಪ್ರಸಾದ ತಿಂದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು, “ಆ ಐದು ಹೆಸರು ಬರೆದದ್ದು ಯಾರು? ದೇವರಾ?”

“ನಾನು.”

“ಐದನ್ನೂ ನೋಡಿದ್ದಿಯಾ?”

“ಒಂದನ್ನೂ ನೋಡಿರಲಿಲ್ಲ.”

“ಮತ್ತೆ ಅವನ ತಲೆಗೆ ಯಾಕೆ ಕಟ್ಟುತ್ತಿ? ಹುಡುಗಿಗೆ ಐದು ಸಂಬಂಧ ಬಂತು ಅಂತ ಐದಕ್ಕೂ ಚೀಟಿ ಹಾಕ್ತೇವಾ? ಹೋಗ್ತೇವೆ, ಮನೆ ನೋಡ್ತೇವೆ, ಬಾವಿಯಲ್ಲಿ ನೀರುಂಟಾ ನೋಡ್ತೇವೆ. ಕಡೆಗೆ ಎರಡು ಮನೆ ಉಳಿದು, ಎರಡೂ ನಮಗೆ ಆಗಬಹುದು ಅಂತಾದರೆ ಆಗ ಚೀಟಿ. ನೋಡುವ ಕೆಲಸ ನಿನ್ನದು. ಅದನ್ನೂ ಅವನೇ ಮಾಡಬೇಕಾ?”

ನಾನು ಮಂದಿರದಿಂದ ಹೊರಟು ನೇರ ಆಯಿಶಾ ಟೀಚರ ಮನೆಗೆ ಹೋದೆ. ಈ ಮಾತನ್ನು ಹೇಳಿದಾಗ ಅವರು ತುಂಬ ನಕ್ಕರು. “ಮನೆ ನೋಡ್ಲಿಕ್ಕೆ ದಾರಿ ಉಂಟಲ್ಲ” ಎಂದರು. ಲ್ಯಾಪ್‌ಟಾಪಿನ ಒಳಗೆ ಏನನ್ನೂ ಮುಟ್ಟದೆ, ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ ನೋಡಬಹುದಂತೆ. ಇಷ್ಟವಾಗದಿದ್ದರೆ ತೆಗೆದರಾಯಿತು. ಮರುದಿನ ಅವರು ಹೇಳಿದ್ದ ಮೂರನ್ನೂ ಒಂದೊಂದಾಗಿ ನೋಡಿದೆ. ವಿಡಿಯೋದವರ ಪ್ರಶ್ನೆಗಳನ್ನು ಬಿಟ್ಟು ನನ್ನವೇ ನಾಲ್ಕು ಪ್ರಶ್ನೆ ಇಟ್ಟುಕೊಂಡೆ. ಕನ್ನಡ ಬರೆಯಲು ಬರುತ್ತದೆಯೇ? ಅಕ್ಷರ ದೊಡ್ಡದಾಗುತ್ತದೆಯೇ? ವೈಫೈ ತಾನಾಗಿ ಸಿಗುತ್ತದೆಯೇ? ಫ್ಯಾನು ಮಿಕ್ಸಿಯ ಹಾಗೆ ಕಿರುಚುತ್ತದೆಯೇ? ಒಂದು ನೋಡಲು ಬಹಳ ಚಂದವಿತ್ತು, ಆದರೆ ನನ್ನ ಮುದಿ ಯಂತ್ರ ಅದನ್ನು ಹೊತ್ತು ಏದುಸಿರು ಬಿಟ್ಟಿತು. ಒಂದು ಹಗುರವಿತ್ತು, ಆದರೆ ಬೇಕಾದದ್ದು ಎಲ್ಲಿದೆ ಎಂದು ಹುಡುಕಿ ನನ್ನ ಕುತ್ತಿಗೆ ನೋಯಿತು. ಮಿಂಟಿನಲ್ಲಿ ಎಡಗಡೆ ಕೆಳಗಿನ ಮೂಲೆ ಒತ್ತಿದರೆ ಎಲ್ಲ ಇತ್ತು, ಬೇರೆಯವರ ಅಡುಗೆ ಮನೆಯಲ್ಲಿ ಮೊದಲ ಸಲಕ್ಕೇ ಉಪ್ಪಿನ ಭರಣಿ ಕೈಗೆ ಸಿಕ್ಕಿದ ಹಾಗೆ. ಚೀಟಿ ಬೇಕಾಗಲಿಲ್ಲ.

ಹಾಕುವ ದಿನ ಟೀಚರನ್ನು ಮನೆಗೆ ಕರೆದು ದೀಪ ಹಚ್ಚಿದೆ, ಕೇಳುವುದಕ್ಕಲ್ಲ, ಹೇಳುವುದಕ್ಕೆ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿದಾಗ ನನ್ನ ಬೆರಳು ಅಲ್ಲೇ ನಿಂತಿತು. ಟೀಚರ್ ಪರ್ಸನ್ನು ತಟ್ಟಿ ತೋರಿಸಿದರು. “ನಿಮ್ಮ ಹಾಡು ಇಲ್ಲಿ ಉಂಟು. ಒತ್ತಿ.” ಒತ್ತಿದೆ. ಚಾ ಮಾಡಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ಕಲಿಯುವಾಗ ಮಾಡಿದ ಪೆದ್ದುತನಗಳನ್ನು ಅಡಗಿಸುವುದಿಲ್ಲ. ಮಿಂಟಿನಲ್ಲೂ ಒಂದು ಕಪ್ಪು ಪರದೆ ಉಂಟು, ಅದರಲ್ಲಿ ಪಾಸ್‌ವರ್ಡ್ ಒತ್ತಿದರೆ ಅಕ್ಷರ ಕಾಣುವುದಿಲ್ಲ. ನನಗದು ಗೊತ್ತಿಲ್ಲದೆ ಕೀಬೋರ್ಡ್ ಸತ್ತಿತೆಂದು ಅದನ್ನು ತಲೆಕೆಳಗೆ ಮಾಡಿ ಕೊಡವಿದೆ. ಮೂರು ಚಕ್ಕುಲಿ ಚೂರು ಬಿತ್ತು. ಮೊದಲು ಟೈಪ್ ಮಾಡಿದ್ದ ಹಾಡುಗಳನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನನ್ನ ಜೀವವೇ ಹೋಯಿತು. ಹಳೆಯ ಕಾಲದ ಫಾಂಟ್, ಹೊಸ ಅಕ್ಷರಕ್ಕೆ ಬದಲಾಯಿಸಬಹುದು ಎಂದು ಟೀಚರ್ ದಾರಿ ತೋರಿಸಿದರು. ಬದಲಾದ ಮೇಲೂ ಅಲ್ಲಲ್ಲಿ ಒತ್ತಕ್ಷರ ಸ್ಥಾನ ತಪ್ಪಿ ಕೂತಿತ್ತು. ಒಂದೊಂದು ಸಾಲನ್ನೂ ಹಾಡಿಕೊಂಡು ತಿದ್ದಿದೆ. ಏನಾದರೂ ಕೈಕೊಟ್ಟರೆ ಅದು ಹೇಳುವುದನ್ನು ಮೊದಲು ಓದುತ್ತಿದ್ದೆ. ಅದು ಆರ್ಚಿನ ಮೂರು ವಾರದ ಪಾಠ, ಅತ್ತೆಯ ದಯೆ. ಮಹಾಲಯದ ಹೊತ್ತಿಗೆ ಅರುವತ್ತೂ ಮುಗಿಯಿತು. ಕಾಸರಗೋಡಿನಲ್ಲಿ ಪ್ರಿಂಟ್ ತೆಗೆಸಿ, ಎರಡು ಭಾಗ ಮಾಡಿ, ಸ್ಪೈರಲ್ ಹಾಕಿಸಿದೆ.

ನವರಾತ್ರಿಯ ಮೊದಲ ಸಂಜೆ ದೇವಕಿಯಕ್ಕ ಮುಂದಿನ ಸಾಲಿಗೆ ಬಂದು ಕುಳಿತರು. ಪುಸ್ತಕವನ್ನು ಮಡಿಲಲ್ಲಿ ತೆರೆದು, ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿ, ಹಾಡು ಎತ್ತಿದರು. ನಾವು ಹದಿನಾಲ್ಕು ಮಂದಿ ತಿರುಗಿ ಹೇಳಿದೆವು. ಪಕ್ಕದಲ್ಲಿ ತಾಳ ಹಾಕುತ್ತಿದ್ದ ನನಗೆ ಒಂದು ವಿಷಯ ಕಂಡಿತು. ಮೊದಲ ಹಾಡು ಮುಗಿದು ಎರಡನೆಯದಾಯಿತು, ಮೂರನೆಯದಾಯಿತು. ಪುಟ ಮಾತ್ರ ಮೊದಲನೆಯದೇ. ಒಂದು ಸಾಲೂ ತಪ್ಪಲಿಲ್ಲ.

“ನೀವು ಪುಟ ತಿರುಗಿಸಲೇ ಇಲ್ಲ ದೇವಕಿಯಕ್ಕ” ಎಂದೆ ಆಮೇಲೆ. ಸ್ವಲ್ಪ ಮುನಿಸೂ ಇತ್ತೇನೋ. ಒಂದೊಂದು ಪುಟಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

“ಹೌದಾ?” ಎಂದು ಅವರು ಪುಸ್ತಕ ನೋಡಿ ನಕ್ಕರು. “ಮರೆತರೆ ನೋಡ್ಲಿಕ್ಕೆ ಕೈಯಲ್ಲಿ ಉಂಟಲ್ಲ ಅಂತ ಆಯ್ತು ಮಗಾ. ಮತ್ತೆ ಮರೀಲೇ ಇಲ್ಲ.”

ಇಷ್ಟನ್ನೂ ನೆನೆದುಕೊಂಡು ದೇವರ ಕೋಣೆಯಲ್ಲಿ ಕುಳಿತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, “ಇವತ್ತು ಯಾವುದಕ್ಕೆ ಚೀಟಿ?” ಎಂದರು. ಕೈಯಲ್ಲಿದ್ದ ಎರಡು ಖಾಲಿ ತುಂಡುಗಳನ್ನು ನೋಡಿದೆ. ಎರಡೂ ನನಗೆ ಆಗಬಹುದಾದರೆ ತಾನೇ ಚೀಟಿ. ‘ಬೇಡ’ ಎಂದು ಬಂದರೆ ನನಗೆ ದುಃಖವಾಗುತ್ತದೆ. ಅದು ಬರೆಯುವ ಮೊದಲೇ ಗೊತ್ತಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಹೆದರಿಕೆ: ಹದಿನಾಲ್ಕು ಮಂದಿಯ ಎದುರು ಮರೆತುಹೋದರೆ?

“ಇವತ್ತು ಚೀಟಿ ಇಲ್ಲ ಅತ್ತೆ” ಎಂದೆ.

ಖಾಲಿ ತುಂಡುಗಳನ್ನೂ ಆರ್ಚನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಕಪಾಟಿನಿಂದ, ಕಲಿಯುವಾಗ ಹಿಂದೆ ಬರೆದುಕೊಂಡಿದ್ದ ಹಳೆಯ ಕ್ಯಾಲೆಂಡರ್ ಹಾಳೆ ತೆಗೆದು, ನಾಲ್ಕಾಗಿ ಮಡಚಿ, ಶನಿವಾರ ಒಯ್ಯುವ ಚೀಲದಲ್ಲಿಟ್ಟೆ. ಬಹುಶಃ ಅದನ್ನು ಬಿಡಿಸಬೇಕಾಗಿ ಬರಲಿಕ್ಕಿಲ್ಲ. ಮತ್ತೆ ಮಂದಿರದವರಿಗೆ ಫೋನು ಮಾಡಿ, ಎಷ್ಟು ಗಂಟೆಗೆ ಬರಬೇಕೆಂದು ಕೇಳಿದೆ.